ಅತ್ತೆಯ ಜೀಪಿಗೆ ಕೆಸರು ಬೇಕು

ಕೆಸರು ಕಂಡರೆ ಹೆಂಗಸರು ಸೀರೆ ಎತ್ತಿ ಹಿಡಿದು ಪಕ್ಕಕ್ಕೆ ಸರಿಯುತ್ತಾರೆ. ನಮ್ಮ ಸೋದರತ್ತೆ ಮಾತ್ರ ಊರೂರಿಗೆ ಫೋನ್ ಮಾಡಿ, ‘ನಿಮ್ಮ ಕಡೆ ಕೆಸರಿದ್ಯೇನಪ್ಪ?’ ಎಂದು ವಿಚಾರಿಸುತ್ತಾರೆ. ತಲೆ ಕೆಟ್ಟಿದೆಯೇ ಎಂದಿರಾ? ಮಂಚೇನಹಳ್ಳಿಯಲ್ಲಿ ಅರ್ಧ ಜನಕ್ಕೆ ಆ ಅನುಮಾನವಿದೆ. ಇನ್ನರ್ಧ ಜನ ಅವರ ಹಳೇ ವಿದ್ಯಾರ್ಥಿಗಳು, ಹೆದರಿ ಬಾಯಿ ಬಿಡುವುದಿಲ್ಲ!

ಎಲ್ಲಕ್ಕೂ ಕಾರಣ ಒಂದು ಹಳೇ ಜೀಪು. ದನದ ಡಾಕ್ಟರಾಗಿದ್ದ ಮಾವ ಅದರಲ್ಲಿ ಹಳ್ಳಿಹಳ್ಳಿ ಸುತ್ತಿದವರು. ಹೋದ ವರ್ಷ ಅವರಿಗೆ ಲಕ್ವ ಹೊಡೆದು ಬಲಗೈ ಸ್ವಾಧೀನ ತಪ್ಪಿತು. ಆವತ್ತಿನಿಂದ ಸ್ಟೀರಿಂಗು, ಗ್ರೀಸು, ಎಣ್ಣೆ ಎಲ್ಲವೂ ಅತ್ತೆಯ ಪಾಲಿಗೆ ಬಂದವು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟವರು. ಜೀಪನ್ನೂ ತರಗತಿಯ ಹಾಗೇ ನಡೆಸುತ್ತಾರೆ. ತಿಂಗಳ ಮೊದಲ ಭಾನುವಾರ ನಾನು ಗೌರಿಬಿದನೂರಿನಿಂದ ಬಸ್ಸು ಹತ್ತಿ ಹಾಜರಾಗಬೇಕು. ಬಾನೆಟ್ ಎತ್ತಿ, ಹಳೇ ಹಾಜರಿ ಪುಸ್ತಕ ತೆರೆದು ಅತ್ತೆ ಕೂಗುತ್ತಾರೆ.

‘ಇಂಜಿನ್ ಆಯಿಲ್?’

‘ಎಸ್ ಮಿಸ್!’

‘ಬ್ರೇಕ್ ಆಯಿಲ್?’

‘ಎಸ್ ಮಿಸ್!’

ಜೀಪಿಗೆ ಬಾಯಿಲ್ಲವಲ್ಲ, ಅದರ ಪರವಾಗಿ ನಾನು! ನಾನೂ ಕಾಲೇಜಿನಲ್ಲಿ ಪಾಠ ಮಾಡುವವಳೇ. ಪಕ್ಕದ ಮನೆಯವರು ಕಾಂಪೌಂಡಿನ ಮೇಲಿಂದ ಇಣುಕಿ ನಗುತ್ತಾರೆ. ನಗಲಿ ಬಿಡಿ.

ಒಮ್ಮೆ ಮೆಕ್ಯಾನಿಕ್ಕೊಬ್ಬ, ‘ಎಲ್ಲಾ ಕಡೆ ಗ್ರೀಸ್ ಹೊಡ್ದಿದ್ದೀನಿ ಮೇಡಂ’ ಅಂದ. ಅತ್ತೆ ಚಾಪೆ ಹಾಸಿಕೊಂಡು ಜೀಪಿನಡಿ ತೂರಿದರು. ಈಚೆ ಬಂದವರೇ ಧೂಳು ಮೆತ್ತಿದ ಬೆರಳು ತೋರಿಸಿ, ‘ಹಿಂದ್ಗಡೇದು ಯಾರಪ್ಪ ಹೊಡೀತಾರೆ, ನಿಮ್ಮ ತಾತಾನಾ? ಇಲ್ಲಿ ಬೆಂಚಿಲ್ಲ, ಬದುಕ್ಕೊಂಡೆ. ಇದ್ದಿದ್ರೆ ಹತ್ತಿ ನಿಲ್ಲು ಅಂತಿದ್ದೆ!’ ಎಂದರು. ಪಾಪ, ಗಡ್ಡ ನೆರೆತ ಮನುಷ್ಯ ಕೈಕಟ್ಟಿ ನಿಂತಿದ್ದ. ಅತ್ತೆಯ ಕಣ್ಣಿಗೆ ಮಣ್ಣೆರಚುವುದು ಸುಲಭವಲ್ಲ ಎಂದು ನನಗೆ ಆಗಲೇ ತಿಳಿಯಬೇಕಿತ್ತು.

ಇನ್ನು ಕೆಸರಿನ ವಿಷಯ. ತಿಂಗಳಿಗೊಮ್ಮೆಯಾದರೂ ಫೋರ್ ವೀಲ್ ಹಾಕಿ, ಅಂದರೆ ನಾಲ್ಕೂ ಚಕ್ರಕ್ಕೆ ಇಂಜಿನ್ನಿನ ಬಲ ಕೊಟ್ಟು, ಓಡಿಸದಿದ್ದರೆ ಮುಂದಿನ ಚಕ್ರಗಳ ಗೇರುಗಳು ಹಿಡಿದುಕೊಂಡುಬಿಡುತ್ತವಂತೆ. ಟಾರು ರಸ್ತೆಯಲ್ಲಿ ಹಾಕಿದರೆ ಹಾಳಾಗುತ್ತವಂತೆ. ಹಾಗಾಗಿ ಕೆಸರೇ ಬೇಕು. ಬೋರ್‌ವೆಲ್‌ಗೇ ನೀರಿಲ್ಲದ ನಮ್ಮ ಸೀಮೆಯಲ್ಲಿ ತಿಂಗಳು ತಿಂಗಳೂ ಕೆಸರೆಲ್ಲಿ ಸಿಗಬೇಕು ಸ್ವಾಮಿ! ‘ಟೊಮೇಟೊ ಇದೆ, ಹೂಕೋಸಿದೆ, ಕೆಸರು ಎಲ್ಲಿಂದ ತರ್ಲಿ ಮಿಸ್?’ ಎಂದು ಒಬ್ಬ ಹಳೇ ವಿದ್ಯಾರ್ಥಿ ಗೋಳಾಡಿ, ಕೊನೆಗೆ ತೋಟದ ನೀರನ್ನೇ ದಾರಿಗೆ ತಿರುಗಿಸಿದ. ಗುದ್ದಲಿ ಹಿಡಿದು ಓಡಿಬಂದ ಅವನಪ್ಪ, ‘ಬುರದ ಕೋಸಂ ವಚ್ಚಿನಾರಾ ಟೀಚರಮ್ಮಾ?’ ಎಂದು, ಕೆಸರಿಗೋಸ್ಕರ ಬಂದಿರಾ ಅಂತ ತೆಲುಗಿನಲ್ಲಿ ಕೇಳಿ, ಬಾಯಿ ಬಿಟ್ಟುಕೊಂಡು ನಿಂತ. ಅತ್ತೆ ‘ಅವುನಪ್ಪಾ’ ಎಂದವರೇ ಜೀಪನ್ನು ಕೆಸರಿಗಿಳಿಸಿದರು.

ಜೀಪಿನಲ್ಲಿ ಎರಡು ಗೇರುಕೋಲುಗಳಿವೆ. ದೊಡ್ಡದು ಅತ್ತೆಯದು. ಫೋರ್ ವೀಲಿನ ಚಿಕ್ಕ ಕೋಲು, ಎಡಗಡೆ ಕೂರುವ ಮಾವನ ಬಲಗೈಗೆ ಸರಿಯಾಗಿ ಸಿಗುತ್ತದೆ. ಕೈಗೆ ವ್ಯಾಯಾಮವಾಗಲಿ ಎಂದು ಡಾಕ್ಟರು ಕೊಟ್ಟ ರಬ್ಬರ್ ಚೆಂಡನ್ನು ‘ನಾನೇನು ಮಗೂನಾ?’ ಎಂದು ಎಸೆದಿದ್ದ ಮಾವ, ಈ ಕೋಲಿಗೆ ಮಾತ್ರ ಇಲ್ಲವೆನ್ನುತ್ತಿರಲಿಲ್ಲ. ಅತ್ತೆ ‘ಹಾಕ್ರೀ’ ಅಂದರೆ ಅವರ ಕೈ ಕೋಲಿನ ಮೇಲೆ ಕೂತು ನಡುಗುತ್ತಿತ್ತು. ಕೋಲು ಅಲುಗುತ್ತಿರಲಿಲ್ಲ. ಅವರ ಮುಖ ನೋಡಲಾರದೆ ನಾನು ಹಿಂದಿನ ಸೀಟಿನಿಂದ ಬಗ್ಗಿ, ಆ ಕೈಯ ಮೇಲೆ ಕೈಯಿಟ್ಟು ಮೆಲ್ಲಗೆ ತಳ್ಳುತ್ತಿದ್ದೆ. ‘ಖಟ್!’ ಅತ್ತೆ ಮುಂದಿನ ದಾರಿಯನ್ನೇ ನೋಡುತ್ತಾ, ‘ಫೋರ್ ವೀಲ್?’ ಎಂದು ಕೂಗುತ್ತಿದ್ದರು. ‘ಎಸ್ ಮಿಸ್!’ ಅನ್ನುತ್ತಿದ್ದವಳೂ ನಾನೇ. ಮಾವ ಆಚೆ ಮುಖ ತಿರುಗಿಸಿಕೊಳ್ಳುತ್ತಿದ್ದರು.

ಈ ತಿಂಗಳು ಮುದ್ದೇನಹಳ್ಳಿ ಕಡೆಯ ಒಂದು ಕೆರೆಯಂಗಳದಲ್ಲಿ ಕೆಸರು ಸಿಕ್ಕಿತು. ರೇಡಿಯೇಟರಿಗೆಂದು ಒಯ್ದಿದ್ದ ನೀರಿನ ಕ್ಯಾನಿನ ಮುಚ್ಚಳ ಎಲ್ಲೋ ಬಿದ್ದುಹೋಗಿತ್ತು. ಅದನ್ನು ಎರಡೂ ಕೈಯಲ್ಲಿ ತಬ್ಬಿ ಕೂತಿದ್ದರೂ ನನ್ನ ಸೀರೆ ಅರ್ಧ ನೆನೆದಿತ್ತು. ಅತ್ತೆ ‘ಹಾಕ್ರೀ’ ಅಂದರು. ಕ್ಯಾನನ್ನು ಎಲ್ಲಿಡಲಿ ಎಂದು ನಾನಿನ್ನೂ ಜಾಗ ಹುಡುಕುತ್ತಿದ್ದೆ.

‘ಖಟ್!’

ಮಾವ ತಮ್ಮ ಕೈಯನ್ನೇ ನೋಡುತ್ತಿದ್ದರು. ಅತ್ತೆ ಹಾಜರಿ ಪುಸ್ತಕ ತೆಗೆದರು.

‘ಫೋರ್ ವೀಲ್?’

ಅಭ್ಯಾಸಬಲದಿಂದ ನಾನು ಬಾಯಿ ತೆರೆದೆ.

‘ನೀನಲ್ಲ ಕಣೇ. ಪ್ರಾಕ್ಸಿ ಹೇಳೋರನ್ನ ಮೂವತ್ತು ವರ್ಷ ನೋಡಿದ್ದೀನಿ.’

ಪುಸ್ತಕವನ್ನು ನನ್ನ ಕಡೆ ತಿರುಗಿಸಿದರು. ಆಯಿಲು, ನೀರು, ಬ್ರೇಕು, ಎಲ್ಲದರ ಮುಂದೆಯೂ ತಿಂಗಳು ತಿಂಗಳ ಟಿಕ್ಕು. ಫೋರ್ ವೀಲಿನ ಸಾಲು ಮಾತ್ರ ಎಂಟು ತಿಂಗಳಿಂದ ಖಾಲಿ. ಅಷ್ಟೂ ತಿಂಗಳು ಗೊತ್ತಿದ್ದೂ ಒಂದು ಮಾತಾಡದೆ, ಪ್ರತಿ ಸಲವೂ ‘ಹಾಕ್ರೀ’ ಅಂದಿದ್ದರಲ್ಲ! ನನಗೆ ಅಳು ತಡೆಯಲಾಗಲಿಲ್ಲ.

‘ಫೋರ್ ವೀಲ್?’ ಅತ್ತೆ ಮತ್ತೊಮ್ಮೆ ಕೂಗಿದರು. ಮೂವತ್ತು ವರ್ಷ ತರಗತಿಗಳನ್ನು ನಡುಗಿಸಿದ್ದ ದನಿ ತಾನೇ ಈಗ ನಡುಗುತ್ತಿತ್ತು.

ಮಾವ ಕೋಲಿನ ಮೇಲಿಂದ ಕೈ ತೆಗೆಯಲಿಲ್ಲ. ಗಂಟಲು ಸರಿಮಾಡಿಕೊಂಡು, ‘ಎಸ್ ಮಿಸ್’ ಅಂದರು.