ಎಲ್ಲರಿಗಿಂತ ಮೇಲೆ ಗಂಗಕ್ಕ

ಸಾಲಾಗಿ ನಿಂತದ್ದು ಏನೇ ಕಂಡರೂ ನನಗೆ ಹಸಿವು, ನೀರಡಿಕೆ ಮರೆತುಹೋಗುತ್ತವೆ. ಇದು ರೋಗವೋ ಗುಣವೋ ಇನ್ನೂ ತೀರ್ಮಾನವಾಗಿಲ್ಲ. ಬೈಲಹೊಂಗಲದ ಶಾಲೆಯಲ್ಲಿ ಮಕ್ಕಳಿಗೆ ಕವಾಯತು ಕಲಿಸಿ ನಿವೃತ್ತನಾದವನು ನಾನು. ನಮ್ಮ ಮನೆಯಲ್ಲಿ ಚಪ್ಪಲಿಗಳೂ ಅಳತೆಯ ಪ್ರಕಾರ ನಿಲ್ಲುತ್ತವೆ. "ಇವರು ಸಾರಿನ್ಯಾಗಿನ ಬ್ಯಾಳಿಗೂ ಸಾವಧಾನ್ ಅಂತಾರ" ಎಂದು ನನ್ನ ಹೆಂಡತಿ ನೆರೆಯವರ ಮುಂದೆ ಹೇಳುವುದುಂಟು.

ಇಂಥವನ ಮನೆಗೆ ಎರಡು ಸಾವಿರದ ಇಸವಿ ದಾಟಿದ ಮೇಲೆ ಕಂಪ್ಯೂಟರು ಬಂತು, ಅದರೊಳಗೆ ವಿಡಿಯೋ ಜೋಡಿಸುವ ಸಾಫ್ಟ್‌ವೇರೂ ಬಂತು. ತೆರೆದ ಕೂಡಲೇ ಅದು ಕೇಳಿತು: ಕಾಂಪೊಸಿಷನ್ನಿನ, ಅಂದರೆ ಚಿತ್ರಗಳನ್ನು ಕೂಡಿಸುವ ಚೌಕಟ್ಟಿನ ಅಗಲ ಎಷ್ಟು, ಎತ್ತರ ಎಷ್ಟು, ಸೆಕೆಂಡಿಗೆ ಎಷ್ಟು ಚಿತ್ರ, ಒಟ್ಟು ಎಷ್ಟು ಹೊತ್ತು? ಉತ್ತರ ಕೊಡದೆ ಒಂದು ಹೂವಿನ ಚಿತ್ರವನ್ನೂ ಒಳಗೆ ಬಿಡುವುದಿಲ್ಲ! ನನಗೆ ಕಣ್ಣು ತುಂಬಿ ಬಂದವು. ಮೊದಲು ಮೈದಾನಕ್ಕೆ ಸುಣ್ಣದ ಗೆರೆ, ಆಮೇಲೆ ಆಟ ಎಂದು ನಾನು ಜೀವಮಾನವಿಡೀ ಬಡಕೊಂಡದ್ದನ್ನು ಒಪ್ಪಿಕೊಂಡ ಪ್ರಾಣಿ ಇದೊಂದೇ.

ಆಗಷ್ಟೇ ನನ್ನ ತಮ್ಮನ ಮಗಳು ನಿರ್ಮಲಾಳ ಮದುವೆಯಾಗಿತ್ತು. ಮುರಗೋಡದಲ್ಲಿರುವ ನಮ್ಮ ಅಕ್ಕ ಗಂಗಕ್ಕ, ಲಗ್ನಪತ್ರಿಕೆಯಲ್ಲಿ ತನ್ನ ಹೆಸರು ತಳಕ್ಕೆ ಬಿದ್ದಿದೆಯೆಂದು ಮದುವೆಯಲ್ಲಿ ಊಟ ಮಾಡದೆ ಎದ್ದು ಹೋದವಳು ಮತ್ತೆ ತಮ್ಮನ ಹೊಸ್ತಿಲು ತುಳಿದಿರಲಿಲ್ಲ. ಮದುವೆಯ ಸಿಡಿಗೆ ಆರಂಭದ ಶೀರ್ಷಿಕೆ ಮಾಡುವ ಕೆಲಸ ನನ್ನದು. ನಾನೇ ಹೋಗಿ, "ಅಕ್ಕಾ, ಸಿಡಿಯೊಳಗ ಎಲ್ಲಾರಕಿಂತ ಮ್ಯಾಲ ನೀನ" ಎಂದು ಮಾತು ಕೊಟ್ಟು ಬಂದೆ.

ಕಾಂಪೊಸಿಷನ್ನಿನೊಳಗೆ ಹಾಕಿದ ಪ್ರತಿಯೊಂದು ಚಿತ್ರವೂ ಒಂದು ಪದರ. ಪದರಗಳ ಹೆಸರುಗಳು ಹಾಜರಿ ಪುಸ್ತಕದಲ್ಲಿದ್ದಂತೆ ಒಂದರ ಕೆಳಗೊಂದು ಬರುತ್ತವೆ. ನಾನು ವಯಸ್ಸಿನ ಪ್ರಕಾರ ನಿಲ್ಲಿಸಿದೆ. ಎಲ್ಲಕ್ಕೂ ಮೇಲೆ ಅಕ್ಕ, ಆಮೇಲೆ ಬೀಗರು, ತಮ್ಮ, ವಧೂವರರು, ಚೆಂಡುಹೂವು. ತೀರ ತಳದಲ್ಲಿ, ವಿನಯಕ್ಕಾಗಿ, ತಯಾರಿಸಿದವನ ಹೆಸರು. ಅಕ್ಕನಿಗೆ ಕಡಿಮೆಯಾಗಬಾರದೆಂದು ಅವಳ ಫೋಟೋವನ್ನು ಪರದೆ ತುಂಬ ಹಿಗ್ಗಿಸಿದೆ. ಪ್ರಾರ್ಥನೆಗೆ ಹೇಗೋ ಹಾಗೆ ಎಲ್ಲರೂ ಒಟ್ಟಿಗೆ ಬರಬೇಕು, ಒಟ್ಟಿಗೆ ಹೋಗಬೇಕು ಎಂದು ವೇಳೆಯನ್ನೂ ಕಟ್ಟಿದೆ. ಎಲ್ಲವನ್ನೂ ಕೂಡಿಸಿ ಓಡಿಸಿದರೆ ಕಂಪ್ಯೂಟರು ಮಲಗಿಬಿಡುತ್ತಿತ್ತು. ಆದ್ದರಿಂದ ಉಳಿದವರನ್ನು ಮರೆಮಾಡಿ, ಶಾಲೆಯಲ್ಲಿ ಉಗುರು ನೋಡುತ್ತಿದ್ದಂತೆ, ಒಬ್ಬೊಬ್ಬರನ್ನೇ ಕರೆದು ತಪಾಸಣೆ ಮಾಡಿದೆ. ಎಲ್ಲರೂ ನೆಟ್ಟಗಿದ್ದರು.

ಪ್ರದರ್ಶನ ತಮ್ಮನ ಮನೆಯಲ್ಲಿ. ಸವದತ್ತಿಯ ಬೀಗರು ಬಂದಿದ್ದರು. ಗಂಗಕ್ಕನೂ ಬಂದಳು, ಆದರೆ ಬಾಗಿಲ ಬಳಿಯೇ ಕುಳಿತಳು. "ನಾ ನೋಡಾಕ ಬಂದೇನಿ, ಉಣ್ಣಾಕಲ್ಲ" ಎಂದು ಚಹಾವನ್ನೂ ಮುಟ್ಟಲಿಲ್ಲ.

ಸಿಡಿ ತಿರುಗಿತು. ಶಹನಾಯಿ ಶುರುವಾಯಿತು. ಪರದೆಯ ಮೇಲೆ ಗಂಗಕ್ಕ. ಶಹನಾಯಿ ಏರಿತು. ಗಂಗಕ್ಕ. ಡೋಲು ಸೇರಿಕೊಂಡಿತು. ನಿಂಬೆಹಣ್ಣಿನಷ್ಟು ದೊಡ್ಡ ಮೂಗುಬೊಟ್ಟಿನೊಂದಿಗೆ ಕದಲದ ಗಂಗಕ್ಕ. ಪದರದ ಸಾಲಿನಲ್ಲಿ ಮೇಲಿದ್ದವರು ಕೆಳಗಿನವರನ್ನೆಲ್ಲ ಮುಚ್ಚಿ ನಿಲ್ಲುತ್ತಾರೆಂಬ ಶಾಸ್ತ್ರ ನನಗೆ ತಿಳಿದದ್ದು ಆಗ.

ಬೀಗರು ಕೆಮ್ಮಿ, "ಮಾಸ್ತರ, ಲಗ್ನ ಯಾರದರಿ?" ಎಂದರು.

"ದೊಡ್ಡಪ್ಪಾ, ನಾ ಎಲ್ಲಿ ಅದೀನಿ?" ಎಂದಳು ನಿರ್ಮಲಾ.

"ಹಿಂದ ಅದೀಯವಾ. ಎಲ್ಲಾರೂ ಅದಾರ. ಹಾಜರಿ ಪೂರ್ತಿ ಐತಿ!"

ಮನೆ ಹಾರಿಹೋಗುವಂತೆ ಎಲ್ಲರೂ ನಕ್ಕರು. ನಾನು ಹೆದರಿ ಅಕ್ಕನ ಕಡೆ ನೋಡಿದೆ. ತುಟಿ ನಡುಗುತ್ತಿತ್ತು. ಮುಗಿಯಿತು, ಇನ್ನು ಈಕೆ ಈ ಜನ್ಮದಲ್ಲಿ ಇತ್ತ ಹಾಯುವುದಿಲ್ಲ ಎಂದುಕೊಂಡೆ.

"ಏ ತಮ್ಮಾ, ಸಾಕೋ! ನನ್ನ ಒಂದೀಟು ಸರಸು. ಕೂಸಿನ ಮಾರಿ ನಾನೂ ನೋಡಬೇಕು."

"ಸರಸಾಕ ಬರಂಗಿಲ್ಲಕ್ಕಾ, ಸಿಡಿ ಆಗಿಬಿಟ್ಟೇತಿ."

"ಅಂದ್ರ ಇಷ್ಟ ದಿನಾ ನಾನ ಅಡ್ಡ ನಿಂತಿದ್ನೆಪಾ!" ಎಂದವಳೇ ಎಲ್ಲರಿಗಿಂತ ಜೋರಾಗಿ ನಕ್ಕು, ಸೆರಗಿನಿಂದ ಕಣ್ಣೊರೆಸಿಕೊಂಡು, ನಿರ್ಮಲಾಳ ಪಕ್ಕ ಬಂದು ಕುಳಿತು, "ಹೋಳಗಿ ಹಾಕ್ರಿ, ಹಸದೇನಿ" ಎಂದಳು.

ಮರುದಿನವೇ ತಿದ್ದಿದೆ. ವಧೂವರರು, ಬೀಗರು, ಚೆಂಡುಹೂವು ಎಲ್ಲ ಮುಂದೆ ಬಂದರು, ಅಕ್ಕ ಹಿಂದೆ ನಿಂತು ಹರಸಿದಳು. ಮೊದಲಿನ ಸಿಡಿಯನ್ನು ಅಕ್ಕ ಬಿಟ್ಟುಕೊಡಲಿಲ್ಲ. ಮುರಗೋಡಕ್ಕೆ ಬಂದವರಿಗೆಲ್ಲ ಅದನ್ನೇ ತೋರಿಸುತ್ತಾಳಂತೆ.

"ಇಷ್ಟು ಛಲೋ ಯಾರು ಮಾಡ್ಯಾರರಿ?" ಎಂದು ಜನ ಕೇಳುತ್ತಾರೆ. ನನ್ನ ಹೆಸರು ಎರಡೂ ಸಿಡಿಗಳಲ್ಲಿದೆ, ಅಕ್ಷರವೂ ನೆಟ್ಟಗಿದೆ. ಆದರೆ ವಿನಯದಿಂದ ತಳಕ್ಕಿಟ್ಟದ್ದು ತಳದಲ್ಲೇ ಉಳಿದು, ಇಂದಿಗೂ ಗಂಗಕ್ಕನ ಬೆನ್ನ ಹಿಂದಿದೆ. ಚಿಕ್ಕಂದಿನಿಂದ ನಾನು ನಿಂತ ಜಾಗವೇ ಅದು.