ಸ್ವಂತ ಸಾಗುವಳಿ

ನರಸಿಂಹಯ್ಯ: ನೋಡಿ ಅತ್ಗೆ, ರೈತರ ಮಕ್ಕಳಿಗೆ ಅನ್ಯಾಯ ಆಗ್ಬಾರ್ದು ಅಂತಾನೇ ಸರ್ಕಾರ ಕೃಷಿ ಕಾಲೇಜಲ್ಲಿ ಸೀಟು ಬೇರೆ ಎತ್ತಿಟ್ಟಿರೋದು. ಅದು ನನ್ನ ಮಗನಿಗೆ ತಪ್ಪಬಾರ್ದು.

ರೇವಮ್ಮ: ತಪ್ಪಬಾರ್ದು, ಒಪ್ದೆ. ಅವ್ನು ಯಾವ ರೈತನ ಮಗ?

ನರಸಿಂಹಯ್ಯನವರು ಇಸ್ತ್ರಿ ಷರಟಿನ ಮೇಲೆ ಕೈಯಿಟ್ಟು ತಮ್ಮನ್ನೇ ತೋರಿಸಿಕೊಂಡರು. ಅವರು ತುಮಕೂರಿನ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತರು, ಬಟವಾಡಿಯಲ್ಲಿ ಬಾಡಿಗೆ ಮನೆ. ಹಾಗಲವಾಡಿಯ ನಾಲ್ಕೆಕರೆ ಹೊಲದ ಖಾತೆ ಮಾತ್ರ ಅವರ ಹೆಸರಿನಲ್ಲಿತ್ತು. ಇವನಿಗಾದರೆ ಸಹಿ ಹಾಕಲು ಬರುತ್ತದೆ ಎಂದು ಅಪ್ಪ ಹಾಗೆ ಮಾಡಿಸಿ ಕಣ್ಣು ಮುಚ್ಚಿದ್ದರು. ಅಣ್ಣ ಸಿದ್ದಗಂಗಯ್ಯ ತೀರಿಕೊಂಡ ಮೇಲೆ, ಈ ಎಪ್ಪತ್ತೊಂಬತ್ತನೇ ಇಸವಿಗೆ ಹತ್ತು ವರ್ಷ, ಉಳುಮೆ ಬಿತ್ತನೆ ಎಲ್ಲ ಅತ್ತಿಗೆ ರೇವಮ್ಮನವರದೇ. ಅವರ ಮಗಳು ಗಂಗಲಕ್ಷ್ಮಿಯೂ ಅದೇ ಕಾಲೇಜಿಗೆ ಅರ್ಜಿ ಹಾಕಿದ್ದಳು.

ಇಬ್ಬರ ನಡುವೆ ಜಗಲಿಯ ಮೇಲೆ ಪಹಣಿ ಪುಸ್ತಕ ಬಿಚ್ಚಿಕೊಂಡು ವಿಲೇಜ್ ಅಕೌಂಟೆಂಟ್ ರಾಮಾಂಜಿನಯ್ಯ ಕೂತಿದ್ದರು. ಊರವರ ಬಾಯಲ್ಲಿ ಅವರು ಇನ್ನೂ ಶಾನುಭೋಗರೇ.

ರಾಮಾಂಜಿನಯ್ಯ: ರೈತರ ಸರ್ಟಿಫಿಕೇಟು ಸಾಗುವಳಿ ಕಾಲಂ ನೋಡಿ ಕೊಡೋದು. ಹೊಲ ಒಂದು, ಕಾಲಂ ಒಂದು, ಹೆಸ್ರೂ ಒಂದೇ. ಯಾರದು ಬರೀಲಿ ಹೇಳಿ.

ರೇವಮ್ಮ: ನಮ್ಮ ಹುಡುಗಿಗೆ ಎಪ್ಪತ್ತೊಂದು ಪರ್ಸೆಂಟು ಬಂದೈತೆ.

ನರಸಿಂಹಯ್ಯ: ಅಷ್ಟು ಬಂದವ್ಳಿಗೆ ಕೋಟಾ ಯಾಕೆ? ನನ್ನ ಮಗನಿಗೆ ನಲವತ್ತೆಂಟು. ಕಷ್ಟದಲ್ಲಿರೋನು ಅವ್ನು.

ರೇವಮ್ಮ: ಕೋಟಾ ಇಲ್ದಿರೋ ಸೀಟು ಎಪ್ಪತ್ತೆಂಟಕ್ಕೆ ನಿಂತೋಯ್ತಂತೆ. ಎಪ್ಪತ್ತೊಂದು ಅದಕ್ಕೂ ಸಾಲ್ದು, ನಿನ್ನ ನ್ಯಾಯಕ್ಕೆ ಜಾಸ್ತಿಯಾಯ್ತು. ನಡುವೆ ನಿಂತ ನನ್ನ ಮಗಳು ಎಲ್ಲಿಗೋಗ್ಬೇಕು?

ನರಸಿಂಹಯ್ಯನವರಿಗೆ ಒಂದು ಗಳಿಗೆ ನಾಚಿಕೆಯೂ ಆಯಿತು. ಆದರೆ ಮಗನಿಗೆ ಸೀಟು ಸಿಕ್ಕೇ ಸಿಗುತ್ತದೆ ಎಂದು ಕಚೇರಿಯಲ್ಲೆಲ್ಲ ಹೇಳಿಕೊಂಡು ತಿರುಗಿದ್ದಾಗಿತ್ತು.

ನರಸಿಂಹಯ್ಯ: ಹೆಣ್ಮಗಳು, ನಾಳೆ ಮದುವೆಯಾಗಿ ಹೋಗೋಳು. ಶಾನುಭೋಗರೆ, 'ಸ್ವಂತ' ಅಂತ ಬರೀರಿ.

ರಾಮಾಂಜಿನಯ್ಯ: ಬರೆಯೋಣ. ಬೆಳೆ ಏನು?

ನರಸಿಂಹಯ್ಯ: ರಾಗಿ.

ರಾಮಾಂಜಿನಯ್ಯ: ಅಕ್ಕಡಿಗೆ ಏನು ಹಾಕಿದೀರಿ?

ನರಸಿಂಹಯ್ಯ: ಆ ಕಡೆ ನಮ್ದಲ್ಲ ಸ್ವಾಮಿ. ಆ ಕಡೆ ದ್ಯಾವಪ್ಪಂದು. ಅವ್ರು ಏನು ಹಾಕವ್ರೋ ನನಗೆ ಹೆಂಗೆ ಗೊತ್ತಾಗ್ಬೇಕು?

ರಾಮಾಂಜಿನಯ್ಯ ಪೆನ್ನು ಕೆಳಗಿಟ್ಟರು.

ರೇವಮ್ಮ: ಆ ಕಡೆ ಅಲ್ಲ ಕಣಪ್ಪ, ಅಕ್ಕಡಿ. ರಾಗಿ ಮಧ್ಯೆ ಅವರೆ, ಹುಚ್ಚೆಳ್ಳು ಅಂತ ಸಾಲು ಬುಡ್ತೀವಲ್ಲ, ಅದು. ವರ್ಷಾ ವರ್ಷಾ ಸಂಕ್ರಾಂತಿಗೆ ನಿನ್ನ ಮನೆಗೆ ಅವರೆಕಾಯಿ ಬರೋದು ಅಲ್ಲಿಂದ್ಲೇ.

ನರಸಿಂಹಯ್ಯ: ತಿಂದಿಲ್ಲ ಅಂದ್ನಾ? ಕಾಲಂನಲ್ಲಿ ಅದೆಲ್ಲ ಕೇಳಲ್ಲ. ಬರೀರಿ ಸ್ವಾಮಿ.

ರೇವಮ್ಮ: ಆಯ್ತು, ಬರೀರಿ ಶಾನುಭೋಗರೆ. ನಾನೇ ಸಾಕ್ಷಿ ಹಾಕ್ತೀನಿ.

ಇಷ್ಟು ಸುಲಭವಾಗಿ ಗೆದ್ದದ್ದು ನರಸಿಂಹಯ್ಯನವರಿಗೆ ಸರಿಬರಲಿಲ್ಲ. ಆದರೂ ಮುಖ ಅರಳಿತು.

ರೇವಮ್ಮ: ಸರ್ಟಿಫಿಕೇಟಲ್ಲಿ ಏನಂತ ಇರ್ತದೆ, ವಸಿ ಓದಿ.

ರಾಮಾಂಜಿನಯ್ಯ: 'ಸದರಿಯವರು ಕಳೆದ ಹತ್ತು ವರ್ಷಗಳಿಂದ ಇದೇ ಗ್ರಾಮದಲ್ಲಿ ಖಾಯಂ ವಾಸವಿದ್ದು, ಬೇರಾವ ಉದ್ಯೋಗವೂ ಇಲ್ಲದೆ, ಖುದ್ದು ಸಾಗುವಳಿ ಮಾಡಿಕೊಂಡಿರುತ್ತಾರೆ.'

ರೇವಮ್ಮ: ಚೆನ್ನಾಗೈತೆ. ನಂಗೂ ಒಂದು ನಕಲು ಕೊಡಿ.

ನರಸಿಂಹಯ್ಯ: ನಿಮಗ್ಯಾಕೆ ಅತ್ಗೆ?

ರೇವಮ್ಮ: ನಿಮ್ಮ ಸಾಹೇಬ್ರಿಗೆ ತೋರಿಸ್ಬೇಕು. ಹತ್ತು ವರ್ಷದಿಂದ ನೀನು ಇಲ್ಲೇ ಉಳ್ತಾ ಇದ್ದೀಯ. ಹಂಗಾದ್ರೆ ಅಲ್ಲಿ ದಿನಾ ಹಾಜರಿಗೆ ಸಹಿ ಹಾಕ್ತಿರೋನು ಯಾರು ಅಂತ ವಿಚಾರಿಸ್ಲಿ.

ನರಸಿಂಹಯ್ಯನವರ ಕಣ್ಣ ಮುಂದೆ ಹಾಜರಿ ಪುಸ್ತಕ, ಬಡ್ತಿ, ಪಿಂಚಣಿ ಸಾಲಾಗಿ ಬಂದು ಹೋದವು. ಹಣೆ ಒರೆಸಿಕೊಂಡರು.

ನರಸಿಂಹಯ್ಯ: ಶಾನುಭೋಗರೆ, ನಿಲ್ಸಿ. ನಾನು ಆ ಹೊಲಕ್ಕೆ ಕಾಲೇ ಇಟ್ಟಿಲ್ಲ. ಹಂಗೇ ಬರ್ಕೊಳ್ಳಿ.

ರಾಮಾಂಜಿನಯ್ಯ: ಮತ್ತೆ ಸಾಗುವಳಿದಾರರು?

ನರಸಿಂಹಯ್ಯ: ರೇವಮ್ಮ. ಕೋಂ ಲೇಟ್ ಸಿದ್ದಗಂಗಯ್ಯ.

ರಾಮಾಂಜಿನಯ್ಯ ಬರೆದು ಶಾಯಿಗೆ ಉಫ್ ಎಂದರು. ರೇವಮ್ಮ ಓದಲು ಬಾರದ ಆ ಸಾಲನ್ನು ಬಗ್ಗಿ ನೋಡಿದರು.

ರೇವಮ್ಮ: ಇಷ್ಟು ವರ್ಷ ಹೊಲ ಉತ್ರೂ ಬಾರ್ದೆ ಇದ್ದ ಹೆಸ್ರು, ನಿನ್ನ ಮಗ ನಲವತ್ತೆಂಟು ತಗೊಂಡಿದ್ದಕ್ಕೆ ಬಂತು. ಮನೆಗೋಗಿ ಅವ್ನನ್ನ ಬೈಬೇಡ ಕಣಪ್ಪ.