ಹಿಂದಿನ ಸೀಟಿನಿಂದ ಸ್ಕೂಟರ್ ಓಡಿಸುವುದು

ಯಾವುದೇ ಕೆಲಸದ ಬಗ್ಗೆ ಧಾರಾಳವಾಗಿ ಮಾತಾಡಬೇಕೆಂದರೆ ಆ ಕೆಲಸ ನಮಗೆ ಬಾರದಿರುವುದೇ ಅನುಕೂಲ. ಅಡುಗೆ ಬಲ್ಲವರು ಇನ್ನೊಬ್ಬರ ಮನೆಯ ಸಾರಿನಲ್ಲಿ ಉಪ್ಪು ಕಡಿಮೆಯಾದರೆ, ಪಾಪ, ಒಲೆಯ ಮುಂದೆ ನಿಂತವರಿಗೆ ಏನು ಗಡಿಬಿಡಿಯಿತ್ತೋ ಎಂದುಕೊಂಡು ಸುಮ್ಮನೆ ಉಂಡು ಏಳುತ್ತಾರೆ. ಬಾರದವರಿಗೆ ಇಂಥ ಮುಲಾಜು ಇರುವುದಿಲ್ಲ. ನಾನು ಈ ಎರಡನೆಯ ಪಂಗಡದವನು. ಅದರಲ್ಲೂ ಗಾಡಿ ಓಡಿಸುವ ವಿಷಯದಲ್ಲಿ ನನ್ನಷ್ಟು ಸ್ವತಂತ್ರವಾಗಿ ಮಾತಾಡುವವರು ಇಡೀ ಪುಣೆಯಲ್ಲಿ ಸಿಗಲಿಕ್ಕಿಲ್ಲ. ಏಕೆಂದರೆ ಸೈಕಲ್ಲಿನ ಆಚೆಗೆ ನಾನು ಯಾವ ವಾಹನದ ಹ್ಯಾಂಡಲನ್ನೂ ಹಿಡಿದವನಲ್ಲ.

ಇದಕ್ಕೆ ನನ್ನ ನೌಕರಿಯೂ ಸ್ವಲ್ಪ ಕಾರಣ. ಭೋಸರಿಯ ಒಂದು ಕಾರ್ಖಾನೆಯಲ್ಲಿ ನನ್ನದು ಕೊನೆಯ ತಪಾಸಣೆಯ ಮೇಜು. ಬೇರೆಯವರು ಬೆವರು ಸುರಿಸಿ ಮಾಡಿದ ಗೇರುಗಳು ನನ್ನ ಮುಂದೆ ಬರುತ್ತವೆ. ನಾನು ಅವುಗಳನ್ನು ತಿರುಗಿಸಿ, ಅಳೆದು, ಬೆಳಕಿಗೆ ಹಿಡಿದು, ತಲೆ ಅಲ್ಲಾಡಿಸುತ್ತೇನೆ. ಒಂದು ಗೇರನ್ನೂ ನನ್ನ ಕೈಯಾರೆ ಮಾಡಿದವನಲ್ಲ. ಹೀಗೆ ತಪ್ಪು ಹುಡುಕುವುದಕ್ಕೇ ಸಂಬಳ ಕೊಟ್ಟು, ಸಾಯಂಕಾಲ ಮನೆಗೆ ಹೋಗುವಾಗ ಆ ಚಟವನ್ನು ಗೇಟಿನಲ್ಲೇ ಬಿಟ್ಟು ಹೋಗು ಎಂದರೆ ಯಾರಿಗೆ ಸಾಧ್ಯ ಹೇಳಿ.

ನಮ್ಮ ಮನೆಯ ಸ್ಕೂಟರ್ ಓಡಿಸುವವಳು ನನ್ನ ಹೆಂಡತಿ ಶಾರದಾ. ಸಿಂದಗಿಯಿಂದ ಮದುವೆಯಾಗಿ ಬಂದಾಗ ಅವಳಿಗೂ ಬರುತ್ತಿರಲಿಲ್ಲ. ಪುಣೆಯ ಹೆಣ್ಣುಮಕ್ಕಳು ಮುಖಕ್ಕೆಲ್ಲ ಓಢಣಿ ಸುತ್ತಿಕೊಂಡು ಕಣ್ಣಷ್ಟೇ ಬಿಟ್ಟು ಭರ್ರೆಂದು ಹೋಗುವುದನ್ನು ನೋಡಿ ಒಂದೇ ಬೇಸಿಗೆಯಲ್ಲಿ ಕಲಿತಳು. ಅಂದಿನಿಂದ ನಾನು ಅವಳ ಹಿಂದೆ ಡಬ್ಬಿಯ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತು ಗಾಡಿ ಓಡಿಸುತ್ತ ಬಂದಿದ್ದೇನೆ. ಹಾರ್ನ್ ಹೊಡಿ, ತಗ್ಗು ಅದ, ಎಡಕ್ಕ ರಿಕ್ಷಾ ಬಂತು, ಬ್ರೇಕ್ ಹಿಡಿ, ಇಷ್ಟ್ಯಾಕ ಹಿಡದಿ, ಹೀಗೆ ನನ್ನ ಸೇವೆ ಮನೆಯಿಂದ ಭೋಸರಿಯವರೆಗೆ ಪುಕ್ಕಟೆ. ದಾರಿಯ ಮೇಲಿನ ಪರರಿಗೂ ಅದರ ಲಾಭವುಂಟು. ಯಾರಾದರೂ ಸೈಡ್ ಸ್ಟ್ಯಾಂಡ್ ತೆಗೆಯದೆ ಹೊರಟರೆ ನಾನು ಅರ್ಧ ಎದ್ದು ನಿಂತು 'ಸ್ಟ್ಯಾಂಡ್, ಸ್ಟ್ಯಾಂಡ್' ಎಂದು ಕೂಗದೆ ಬಿಟ್ಟವನಲ್ಲ. ಈ ಊರಿನ ಎಷ್ಟೋ ಮೊಣಕಾಲುಗಳು ಇವತ್ತಿಗೂ ನೆಟ್ಟಗಿರುವುದು ನನ್ನಿಂದ ಎಂದು ನನಗೆ ಒಳಗೊಳಗೇ ಹೆಮ್ಮೆ.

ಕಾಲೇಜಿಗೆ ಹೋಗುವ ಮಗಳು ಸ್ಫೂರ್ತಿ ಒಂದು ದಿನ ಮೊಬೈಲಿನಲ್ಲಿ ಏನೋ ಆಟ ಆಡುತ್ತಿದ್ದಳು. ನಾನು ಹಿಂದೆ ನಿಂತು, ಆ ಗೋಡೆ ಹಾರು, ಈ ಕಡೆ ಓಡು ಎನ್ನುತ್ತಿದ್ದೆ. ಅವಳು ತಲೆ ಎತ್ತದೆ, "ಅಪ್ಪಾ, ಬ್ಯಾಕ್‌ಸೀಟ್ ಮಾಡಬ್ಯಾಡ್ರಿ" ಎಂದಳು. ವಿಚಾರಿಸಿದರೆ, ತಾನು ಆಡದೆ ಆಡುವವರಿಗೆ ತಪ್ಪು ಹೇಳುವುದಕ್ಕೆ ಇಂಗ್ಲಿಷಿನಲ್ಲಿ ಹುಡುಗರು ಹಾಗೆ ಅನ್ನುತ್ತಾರಂತೆ. ನನ್ನ ಇಷ್ಟು ವರ್ಷದ ಉದ್ಯೋಗಕ್ಕೆ ಒಂದು ಹೆಸರು ಸಿಕ್ಕಿತಲ್ಲ ಎಂದು ನನಗೆ ಸಂತೋಷವೇ ಆಯಿತು. ಶಾರದಾ ಮಾತ್ರ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನಕ್ಕಳು. ಆ ನಗು ನನಗೆ ಹಿಡಿಸಲಿಲ್ಲ.

ರೊಟ್ಟಿಯ ಸಂಗತಿಯನ್ನು ಹೇಳಲೇಬೇಕು, ಏಕೆಂದರೆ ಮುಂದಿನದೆಲ್ಲ ಅದರಿಂದಲೇ ಹುಟ್ಟಿದ್ದು. ಶಾರದಾ ಮತ್ತು ಓಣಿಯ ಇಬ್ಬರು ಗೆಳತಿಯರು ಸೇರಿ ಖಡಕ್ ಜೋಳದ ರೊಟ್ಟಿ ಮಾಡಿ ಮಾರಲು ಶುರುಮಾಡಿದ್ದರು. ಪುಣೆಯ ಖಡಕಿ ಪೇಟೆಯಲ್ಲಿ ಹೋಟೆಲ್ ಇಟ್ಟಿರುವ ಕಾರ್ಕಳದ ಸದಾನಂದಣ್ಣನಿಗೆ ಅದರ ರುಚಿ ಹತ್ತಿತು. ಇಡ್ಲಿ ದೋಸೆಯ ಜೊತೆಗೆ ಉತ್ತರ ಕರ್ನಾಟಕದ ಊಟವನ್ನೂ ಇಡುತ್ತೇನೆ, ದಿನಾ ರೊಟ್ಟಿ ಕೊಡಿ ಎಂದ. ಆದರೆ ಸ್ಕೂಟರಿನ ಮೇಲೆ ಬುಟ್ಟಿ ಕಟ್ಟಿಕೊಂಡು, ಸ್ಪೀಡ್ ಬ್ರೇಕರುಗಳನ್ನೆಲ್ಲ ದಾಟಿ ಹೋಟೆಲ್ ಮುಟ್ಟುವಷ್ಟರಲ್ಲಿ ಅರ್ಧಕ್ಕರ್ಧ ಚೂರಾಗಿರುತ್ತಿದ್ದವು. "ಅಕ್ಕ, ರುಚಿ ಒಳ್ಳೆದುಂಟು. ಆದ್ರೆ ಗಿರಾಕಿಗೆ ಪುಡಿ ಬಡಿಸ್ಲಿಕ್ಕೆ ಆಗುದಿಲ್ಲ ಮಾರಾಯ್ರೆ," ಎಂದು ಅವನು ಕೈಮುಗಿದ. ಗೆಳತಿಯೊಬ್ಬಳ ಮನೆಯಲ್ಲಿ ಹಳೆಯ ವ್ಯಾನ್ ಒಂದು ಓಡಿಸುವವರಿಲ್ಲದೆ ಧೂಳು ತಿನ್ನುತ್ತಿತ್ತು. ಶಾರದಾ ಕಾರಿನ ಲೈಸೆನ್ಸ್ ಮಾಡಿಸಿದರೆ ಹೋಟೆಲಿನ ಕೆಲಸ ಉಳಿಯುತ್ತದೆ, ಇಲ್ಲದಿದ್ದರೆ ದೀಪಾವಳಿಯ ನಂತರ ಬೇರೆಯವರಿಗೆ ಹೋಗುತ್ತದೆ. ತನ್ನದೆಂದು ಹೇಳಿಕೊಳ್ಳುವ ಒಂದು ಕೆಲಸ ಅವಳ ಕೈಗೆ ಬಂದದ್ದು ಅದೇ ಮೊದಲು. ಮಾತಿಗೊಮ್ಮೆ ನಗುತ್ತಿದ್ದವಳು ಡ್ರೈವಿಂಗ್ ಕ್ಲಾಸಿಗೆ ಹೆಸರು ಹಚ್ಚಿದ ಮೇಲೆ ನಿದ್ದೆಯಲ್ಲೂ ಕಾಲಿನಿಂದ ಕ್ಲಚ್ ಒತ್ತತೊಡಗಿದಳು.

ಮೊದಲನೇ ದಿನ ನಾನೂ ಹೋದೆ. ಕ್ಲಾಸಿನ ಕಾರಿನ ಹಿಂದಿನ ಸೀಟು ಖಾಲಿ ಇತ್ತು, ಅದು ನನ್ನ ಜಾಗವೇ. ಎರಡು ತಿರುವು ದಾಟುವಷ್ಟರಲ್ಲಿ ಶಾರದಾಳಿಗೆ ಮಾಸ್ತರರು ಹೇಳಿದ್ದಕ್ಕಿಂತ ನಾನು ಹೇಳಿದ್ದೇ ಹೆಚ್ಚಾಯಿತು. ಮಾಸ್ತರರು ಸಭ್ಯ ಮನುಷ್ಯ. ನೀವು ಎಷ್ಟು ವರ್ಷದಿಂದ ಗಾಡಿ ಓಡಿಸುತ್ತೀರಿ ಕಾಕಾ ಎಂದು ಮರಾಠಿಯಲ್ಲಿ ಕೇಳಿದರು. ನನಗೆ ಬರುವುದಿಲ್ಲ ಎಂದೆ. ಅವರು ತಮ್ಮ ಕಾಲಬುಡದಲ್ಲಿದ್ದ ಬ್ರೇಕು ಒತ್ತಿ, ಕಬ್ಬಿನ ಹಾಲಿನ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿ, ನನ್ನ ಕಡೆಯ ಬಾಗಿಲನ್ನು ತಾವೇ ಇಳಿದು ಬಂದು ತೆಗೆದರು. ಆ ದಿನದ ಕಬ್ಬಿನ ಹಾಲಿಗೆ ಲಿಂಬೆಹಣ್ಣು ಕಡಿಮೆ ಬಿದ್ದಿತ್ತು. ಅಂಗಡಿಯವನಿಗೆ ಹೇಳಿ ಬಂದೆ.

ಪರೀಕ್ಷೆಯ ದಿನ ಶಾರದಾ ನನ್ನಿಂದ ಮಾತು ತೆಗೆದುಕೊಂಡಿದ್ದಳು. ಅಲ್ಲಿ ನಾನು ಕೆಮ್ಮುವ ಹಾಗೂ ಇಲ್ಲ. ನಾನು ಪರೀಕ್ಷೆಯ ಮೈದಾನದ ತಂತಿಬೇಲಿಯ ಆಚೆ ಹಲ್ಲುಕಚ್ಚಿ ನಿಂತೆ. ಎಂಟರ ಆಕಾರದ ಸುತ್ತು ಚಂದ ಹೊಡೆದಳು. ಏರಿನಲ್ಲಿ ಗಾಡಿ ಹಿಂದೆ ಸರಿಯಲಿಲ್ಲ. ಕೊನೆಯಲ್ಲಿ ರಿವರ್ಸ್ ತೆಗೆಯುವಾಗ ಎಡಗಡೆಯ ಕಂಬವನ್ನು ನೀಟಾಗಿ ಮಲಗಿಸಿಬಿಟ್ಟಳು. ಫೇಲು. ಮನೆಗೆ ಬರುವಾಗ ತಗ್ಗು ಅದ ಎನ್ನಲೂ ನನಗೆ ಧೈರ್ಯವಾಗಲಿಲ್ಲ. ಸ್ಕೂಟರ್ ಆ ದಿನ ಎಷ್ಟೋ ಗುಂಡಿಗಳಲ್ಲಿ ಇಳಿದು ಎದ್ದಿತು.

ಚಹ ಕುಡಿದ ಮೇಲೆ ನಾನೇ ಮೆಲ್ಲಗೆ ಕೇಳಿದೆ, ಎಡಗಡೆಯ ಕನ್ನಡಿಯಲ್ಲಿ ಆ ಕಂಬ ಕಾಣಲಿಲ್ಲವೇ ಎಂದು.

"ಕನ್ನಡಿ ಯಾವಾಗ ನೋಡೀನ್ರಿ ನಾ?" ಎಂದಳು ಶಾರದಾ. "ಎಡಕ್ಕ ಏನರ ಬಂದ್ರ ನೀವು ಒದರ್ತೀರಿ. ಇಷ್ಟ್ ವರ್ಷ ಹಂಗೇ ಓಡಿಸೀನಿ. ಇವತ್ತು ಹಿಂದಿಂದ ಏನೂ ದನಿ ಬರಲಿಲ್ಲ, ದಾರಿ ಖಾಲಿ ಅದ ಅಂತ ತಿಳಕೊಂಡೆ."

ಸುಳ್ಳು ಹೇಳುವುದಿಲ್ಲ, ಮೊದಲ ಗಳಿಗೆಯಲ್ಲಿ ನನಗೆ ಖುಷಿಯಾಯಿತು. ಯಾರೂ ಕೇಳದ ನನ್ನ ಮಾತನ್ನು ಒಬ್ಬಳು ಇಷ್ಟು ಕಾಲ ನಂಬಿಕೊಂಡು ಬಂದಿದ್ದಳು. ಎರಡನೆಯ ಗಳಿಗೆಯಲ್ಲಿ ಅವಳ ಮುಖ ನೋಡಿದೆ. ಕಣ್ಣಿನ ತುಂಬ ನೀರಿತ್ತು. ಅವಳ ಪಾಲಿನ ಒಂದು ಕನ್ನಡಿಯನ್ನು ಮುಚ್ಚಿಕೊಂಡು ನಾನು ಇಷ್ಟು ವರ್ಷ ಹಿಂದೆ ಕೂತಿದ್ದೆ. ಸ್ಫೂರ್ತಿ ಅಲ್ಲೇ ತೀರ್ಪು ಕೊಟ್ಟಳು. ಎರಡನೇ ಪರೀಕ್ಷೆಯವರೆಗೆ ಅಪ್ಪ ಸ್ಕೂಟರಿನ ಹಿಂದೆ ಕೂಡುವಂತಿಲ್ಲ, ಅವ್ವ ಒಬ್ಬಳೇ ಕನ್ನಡಿ ನೋಡಿಕೊಂಡು ಓಡಿಸಬೇಕು. ನಾನು ಒಪ್ಪಿದೆ.

ಹೀಗಾಗಿ ನಾನು ಬಸ್ಸಿನ ಪಾಲಾದೆ. ಚಟ ಅಷ್ಟು ಸುಲಭಕ್ಕೆ ಬಿಡುತ್ತದೆಯೇ. ಡ್ರೈವರನ ಹಿಂದಿನ ಸೀಟೇ ಹಿಡಿದು ಕೂತು ಮರಾಠಿಯಲ್ಲಿ ನನ್ನ ಸೇವೆ ಆರಂಭಿಸಿದೆ. ಮೂರನೆಯ ಸಿಗ್ನಲ್ಲಿನಲ್ಲಿ ಅವನು ತಿರುಗಿ, "ಕಾಕಾ, ಯಾ, ಇಥೇ ಬಸಾ" ಎಂದು ತನ್ನ ಸೀಟಿನಿಂದ ಅರ್ಧ ಎದ್ದೇಬಿಟ್ಟ. ಬನ್ನಿ, ನೀವೇ ಕೂಡಿರಿ ಎನ್ನುವುದನ್ನು ಅಷ್ಟು ಗೌರವದಿಂದ ನನಗೆ ಯಾರೂ ಹೇಳಿರಲಿಲ್ಲ. ಬಸ್ಸಿಗೆ ಬಸ್ಸೇ ನಕ್ಕಿತು. ಮರುದಿನದಿಂದ ನಾನು ಹಿಂಬದಿಯ ಬಾಗಿಲಿನಿಂದ ಹತ್ತತೊಡಗಿದೆ.

ದೀಪಾವಳಿಗೆ ಮೊದಲು ಎರಡನೇ ಪರೀಕ್ಷೆ ಬಂತು. ನಾನು ಹೋಗಲಿಲ್ಲ, ಕಾರ್ಖಾನೆಯ ಮೇಜಿನ ಮುಂದೆ ಕೂತಿದ್ದೆ. ಆ ಬೆಳಿಗ್ಗೆ ನನ್ನ ಕೈಗೆ ಬಂದ ಗೇರುಗಳೆಲ್ಲ ಪುಣ್ಯವಂತ ಗೇರುಗಳು, ಯಾವುದರಲ್ಲೂ ನನಗೆ ತಪ್ಪು ಕಾಣಲಿಲ್ಲ. ಊಟದ ಹೊತ್ತಿಗೆ ಫೋನ್ ಬಂತು. ಶಾರದಾ, "ಕಂಬ ನಿಂತಾವ್ರಿ" ಎಂದಳು. ಅಷ್ಟೇ ಹೇಳಿದಳು.

ಈಗ ವ್ಯಾನು ದಿನಾ ಖಡಕಿಗೆ ಹೋಗುತ್ತದೆ. ರೊಟ್ಟಿಗಳು ಹುಣ್ಣಿಮೆಯ ಚಂದ್ರನ ಹಾಗೆ ಇಡಿಯಾಗಿ ಇಳಿಯುತ್ತವೆ. ಸದಾನಂದಣ್ಣ ಈಚೆಗೆ ಶೇಂಗಾ ಚಟ್ನಿಯನ್ನೂ ಕೇಳುತ್ತಿದ್ದಾನೆ. ಸ್ಕೂಟರ್ ಮಾತ್ರ ಮನೆಯ ಮುಂದೆ ಸುಮ್ಮನೆ ನಿಂತಿತ್ತು. ಒಂದು ದಿನ ಶಾರದಾ ಅದರ ಕೀಲಿಯನ್ನು ನನ್ನ ಚಹದ ಬಟ್ಟಲಿನ ಪಕ್ಕ ಇಟ್ಟಳು. ಈ ವಯಸ್ಸಿನಲ್ಲಿ ಕಲಿಯುವುದೇ ಎಂದೆ. ಅವಳು, ಎಲ್ಲಾ ಬಾಯಿಪಾಠ ಆಗೇದಲ್ಲ, ಕೈ ಅಷ್ಟೇ ಹಚ್ಚೂದು ಬಾಕಿ ಎಂದಳು. ಲರ್ನಿಂಗ್ ಲೈಸೆನ್ಸಿನ ಪ್ರಶ್ನೆಗಳಿಗೆಲ್ಲ ನಾನು ಸರಿ ಉತ್ತರ ಕೊಟ್ಟೆ. ಅದರಲ್ಲಿ ಆಶ್ಚರ್ಯವೇನಿಲ್ಲ.

ಕಳೆದ ಭಾನುವಾರ ಬೆಳಿಗ್ಗೆ ಖಡಕಿಯ ಖಾಲಿ ರಸ್ತೆಯಲ್ಲಿ ಮೊದಲ ಸವಾರಿ. ನಾನು ಮುಂದೆ, ಶಾರದಾ ಹಿಂದೆ. ಗಾಡಿ ಹೊರಟಿತು. ಹಿಂದಿನ ಸೀಟಿನಿಂದ ಎಷ್ಟು ಅಗಲ ಕಾಣುತ್ತಿದ್ದ ರಸ್ತೆ ಮುಂದಿನಿಂದ ಇಷ್ಟು ಇಕ್ಕಟ್ಟೆಂದು ನನಗೆ ಗೊತ್ತಿರಲಿಲ್ಲ. ಶಾರದಾ ಒಂದು ಮಾತೂ ಆಡಲಿಲ್ಲ. ಆ ಮೌನ ತಡೆಯಲಾಗದೆ, ಏನಾದರೂ ಅನ್ನು ಮಾರಾಯ್ತಿ ಎಂದು ನಾನೇ ಗೋಗರೆದೆ. ಅವಳು ಹೂಂ ಎಂದಳು, ಅಷ್ಟೇ. ಅಷ್ಟರಲ್ಲಿ ಮುಖಕ್ಕೆ ಓಢಣಿ ಸುತ್ತಿಕೊಂಡ ಹುಡುಗಿಯೊಬ್ಬಳು ಪಕ್ಕದಲ್ಲಿ ಭರ್ರೆಂದು ಬಂದು, "ಕಾಕಾ, ಸ್ಟ್ಯಾಂಡ್!" ಎಂದು ಕೂಗಿ ಮುಂದೆ ಹೋದಳು.

ಗಾಡಿ ನಿಲ್ಲಿಸಿ ಕೆಳಗೆ ನೋಡಿದೆ. ಸೈಡ್ ಸ್ಟ್ಯಾಂಡ್ ಕಾಲು ಚಾಚಿಕೊಂಡು ಆರಾಮವಾಗಿ ಇತ್ತು. ಸಿಟ್ಟು, ನಾಚಿಕೆ ಎರಡೂ ಒಟ್ಟಿಗೆ ಬಂದವು. ಹೊರಟಾಗಿನಿಂದ ಹಿಂದೆ ಕೂತಿದ್ದೀ, ಒಂದು ಮಾತು ಹೇಳಬಾರದೇ ಎಂದು ರೇಗಿದೆ.

ಶಾರದಾ ನನ್ನ ಹೆಗಲ ಮೇಲಿನಿಂದ ಬಾಗಿ ಎಡಗಡೆಯ ಕನ್ನಡಿಯನ್ನು ನನ್ನ ಕಡೆಗೆ ತಿರುಗಿಸಿದಳು. "ಸ್ಟ್ಯಾಂಡ್ ಹೇಳೂದು ನಿಮ್ಮ ಕೆಲಸ ಅಲ್ಲೇನ್ರಿ?" ಎಂದಳು. "ನೀವು ಈಗ ಹೇಳ್ತೀರಿ, ಆಗ ಹೇಳ್ತೀರಿ ಅಂತ ಕಾಯಕೋತ ಕೂತಿದ್ದೆ."